ಕೊನೆಗೂ ಸಿಕ್ಕ ಓದುಗ

ಕೊರೋನಾ ಕಾಲದಲ್ಲಿ ಲ್ಯಾಪ್‌ಟಾಪ್ ಹೊತ್ತು ಬೆಂಗಳೂರಿನಿಂದ ಊರಿಗೆ ಬಂದವರಲ್ಲಿ ಹೆಚ್ಚಿನವರು ವಾಪಸ್ ಹೋದರು. ಹೋಗದೆ ಉಳಿದುಕೊಂಡವರು ಚನ್ನಗಿರಿ ಸೀಮೆಯಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ. ಬಸವಾಪಟ್ಟಣದವನನ್ನು ‘ಡಾಕ್ಯುಮೆಂಟ್ ಅಣ್ಣ’ ಎಂದು ಕರೆಯೋಣ. ಅಡಿಕೆ ಒಣಹಾಕುವ ಅಂಗಳದ ಪಕ್ಕದ ಕೋಣೆಯೇ ಅವನ ಆಫೀಸು. ಒಳಗೆ ಕೂತು ಏನು ಮಾಡುತ್ತಾನೆಂದು ಊರಲ್ಲಿ ಯಾರಿಗೂ ಗೊತ್ತಿಲ್ಲ. ಕೇಳಿದವರಿಗೆ ಅವನು ಹೇಳದೆ ಬಿಟ್ಟಿದ್ದೂ ಇಲ್ಲ. ತೊಂದರೆ ಆಗಿರುವುದೇ ಅಲ್ಲಿ.

ಕೆಲಸ ಇಷ್ಟು. ವೆಬ್ ಪುಟಗಳಿಗೆ ಹೋಗಿ ಬೇಕಾದ ಮಾಹಿತಿಯನ್ನಷ್ಟೇ ಹೆಕ್ಕಿ ತರುವ ಒಂದು ಟೂಲ್ ಇದೆ. ಅದನ್ನು ಬಳಸುವವನು ಮನುಷ್ಯನಲ್ಲ, ಎಐ ಏಜೆಂಟ್. ಟೂಲನ್ನು ಯಾವಾಗ ಹಿಡಿಯಬೇಕು, ಯಾವಾಗ ಮುಟ್ಟಬಾರದು, ಏನು ಕೊಟ್ಟರೆ ಏನು ಬರುತ್ತದೆ, ಬರದಿದ್ದರೆ ಏನು ಮಾಡಬೇಕು ಎಂಬುದನ್ನೆಲ್ಲ ಆ ಏಜೆಂಟಿಗೆ ತಿಳಿಯುವ ಹಾಗೆ ಬರೆದಿಡುವುದು ಅಣ್ಣನ ಪಾಲಿನದು. ಹಿಂದೆ ಇಂಥವೇ ಕೈಪಿಡಿಗಳನ್ನು ಮನುಷ್ಯರಿಗಾಗಿ ಬರೆಯುತ್ತಿದ್ದ. ಮೂರನೇ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದದ್ದನ್ನೇ ಜನ ಫೋನ್ ಮಾಡಿ ಕೇಳುತ್ತಿದ್ದರು. ಈಗಿನ ಓದುಗ ಹಾಗಲ್ಲ. ಮೊದಲ ಅಕ್ಷರದಿಂದ ಕೊನೆಯ ಚುಕ್ಕಿವರೆಗೆ ಓದುತ್ತಾನೆ, ಆಕಳಿಸುವುದಿಲ್ಲ, ಓದಿದ್ದನ್ನು ನಂಬುತ್ತಾನೆ, ನಂಬಿದ ಮರುಕ್ಷಣ ಹಾಗೇ ಮಾಡಿಬಿಡುತ್ತಾನೆ. ಕನ್ನಡದ ಯಾವ ಸಾಹಿತಿಗೂ ಇಂಥ ಓದುಗ ಸಿಕ್ಕಿಲ್ಲ. ಅಣ್ಣನಿಗೆ ಸಂಭ್ರಮವೂ ಆಗಿದೆ, ಜ್ವರವೂ ಬಂದಿದೆ.

ಜ್ವರ ಬಂದದ್ದು ಅಡಿಕೆಯಿಂದ. ಪರೀಕ್ಷೆಗೆಂದು ಅವನು ಕೊಟ್ಟ ಮೊದಲ ಕೆಲಸ ‘ಇವತ್ತಿನ ಅಡಿಕೆ ರೇಟು ನೋಡಿ ಬಾ’ ಎಂದು. ನಮ್ಮ ಕಡೆ ಕೂಸಿಗೂ ಅರ್ಥವಾಗುವ ಮಾತು. ಏಜೆಂಟ್ ಮಾರುಕಟ್ಟೆ ದರ ಕೊಡುವ ತಾಣಗಳಾದ ಕೇಂದ್ರದ ಅಗ್‌ಮಾರ್ಕ್‌ನೆಟ್‌ಗೂ ಹೋದ, ರಾಜ್ಯದ ಕೃಷಿ ಮಾರಾಟ ವಾಹಿನಿಗೂ ಹೋದ. ಅಡಿಕೆಯಲ್ಲಿ ಯಾವ ಬಗೆ, ರಾಶಿ ಬೇಕೋ ಬೆಟ್ಟೆ ಬೇಕೋ, ಸರಕೋ ಗೊರಬಲೋ ಅಂತ ಯಾರೂ ಹೇಳಿರಲಿಲ್ಲ. ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದು ತಂದ. ಮಲಗಿದ್ದ ಅಪ್ಪ ರೇಟು ಕೇಳಿ ಎದ್ದು ಕೂತರು. “ಸರಕನ್ನೂ ಗೊರಬಲನ್ನೂ ಒಂದೇ ಚೀಲಕ್ಕೆ ಸುರಿಯೋನು ಯಾವನಪ್ಪ ಅವನು? ತುಮ್ಕೋಸ್ ಸೊಸೈಟಿನಾಗೆ ಹೇಳಬ್ಯಾಡ, ನಗ್ತಾರೆ.”

ಅವತ್ತು ರಾತ್ರಿಯೇ ಅಣ್ಣ ಬರೆದ: ‘ಅಡಿಕೆಯ ಬಗೆ ಹೇಳದಿದ್ದರೆ ಊಹಿಸಬೇಡ, ಕೇಳು. ದರ ಕ್ವಿಂಟಲ್ ಲೆಕ್ಕದ್ದು. ಕನಿಷ್ಠ, ಗರಿಷ್ಠ, ಮಾದರಿ ದರ ಮೂರನ್ನೂ ಬೇರೆ ಬೇರೆ ಕೊಡು. ಕೋಷ್ಟಕ ಖಾಲಿ ಬಂದರೆ ಖಾಲಿ ಎಂದೇ ಹೇಳು, ನಿನ್ನ ಕಡೆಯಿಂದ ತುಂಬಬೇಡ.’ ಕೊನೆಯ ಮಾತಿಗೆ ಕಾರಣವಿದೆ. ಎಷ್ಟೋ ಪುಟಗಳಲ್ಲಿ ಮೊದಲು ಬರುವುದು ಬರೀ ಅಸ್ಥಿಪಂಜರ. ಅಂಕಿಗಳನ್ನು ಆಮೇಲೆ ಜಾವಾಸ್ಕ್ರಿಪ್ಟ್ ತಂದು ತುಂಬುತ್ತದೆ. ಆತುರಗಾರ ಟೂಲ್ ಅಷ್ಟರಲ್ಲಿ ಹೋಗಿ ಬಂದಿರುತ್ತದೆ. ಬರಿಗೈಲಿ ಬಂದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಒಂದು ಅಂಕಿ ಕಟ್ಟಿ ಹೇಳುವುದೇ ಏಜೆಂಟಿಗೆ ಸಲೀಸು. ನನ್ನನ್ನು ಕೇಳಿದರೆ, ಅಣ್ಣ ಕಾಲೇಜಿನಲ್ಲಿ ಬರೆದ ಕವನಗಳಿಗಿಂತ ಈ ನಾಲ್ಕು ಸಾಲು ಎಷ್ಟೋ ಮೇಲು. ಅಲಂಕಾರಕ್ಕೆಂದು ಒಂದೂ ವಿಶೇಷಣವಿಲ್ಲ.

ಊರಿನ ಹೆಸರು ಇನ್ನೊಂದು ರಾಮಾಯಣ. ಬಸವಾಪಟ್ಟಣದ ಮಳೆ ಕೇಳಿದರೆ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಬಸವಾಪಟ್ಟಣದ ಮಳೆ ಬರುತ್ತಿತ್ತು. ಇಂಗ್ಲಿಷಿನಲ್ಲಿ ಒಂದು ಕಡೆ ಒಂದು ‘ಟಿ’, ಇನ್ನೊಂದು ಕಡೆ ಎರಡು. 1997ಕ್ಕೆ ಮುಂಚಿನ ದಾಖಲೆ ಸಿಕ್ಕರೆ ಜಿಲ್ಲೆ ಶಿವಮೊಗ್ಗ, ಆಮೇಲಿನದು ಸಿಕ್ಕರೆ ದಾವಣಗೆರೆ. ಇನ್ನೂ ಹಿಂದಕ್ಕೆ ಹೋದರೆ ಮೊಗಲರ ಸಿರಾ ಸುಬಾದ ಏಳು ಪರಗಣಗಳಲ್ಲಿ ನಮ್ಮದೂ ಒಂದು. ಏಜೆಂಟ್ ಒಮ್ಮೆ ವಿಳಾಸದಲ್ಲಿ ಅದನ್ನೂ ಸೇರಿಸಿದ. ತಪ್ಪೇನಲ್ಲ, ಕೊರಿಯರ್ ಬರುವುದಿಲ್ಲ ಅಷ್ಟೇ.

ಕೈಪಿಡಿಯಲ್ಲಿ ಸಭ್ಯತೆಯ ಅಧ್ಯಾಯ ಬರೆಯಲು ಕೂತ ಮೇಲೆ ಅಣ್ಣ ಊರಿಗೇ ಉಪದೇಶ ಶುರುಮಾಡಿದ. ಯಾವ ಯಂತ್ರ ಎಲ್ಲಿಗೆ ಬರಬಾರದೆಂದು ಜಾಲತಾಣದವರು ಬರೆದಿಡುವ ಕಡತಕ್ಕೆ ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಎಂದು ಹೆಸರು. 1994ರಲ್ಲಿ ಮಾರ್ಟೈನ್ ಕೋಸ್ಟರ್ ಎಂಬಾತ ಸೂಚಿಸಿದ್ದು; 2022ರಲ್ಲಿ ಆರ್‌ಎಫ್‌ಸಿ 9309 ಎಂದು ಅಚ್ಚುಕಟ್ಟಾಗಿ ದಾಖಲಾಯಿತು. ತೋಟದ ಬಾಯಲ್ಲಿ ನೇತುಹಾಕಿದ ‘ಅಪ್ಪಣೆಯಿಲ್ಲದೆ ಒಳಗೆ ಬರಬಾರದು’ ಬೋರ್ಡಿನ ಹಾಗೆ: ಬೀಗವಿಲ್ಲ, ಮಾನ ಇದ್ದವನು ನಿಲ್ಲುತ್ತಾನೆ. ಬೀಗವೇ ಹಾಕಿದ್ದರೆ 403 ಎಂಬ ಉತ್ತರ ಬರುತ್ತದೆ. ಮೇಲಿಂದ ಮೇಲೆ ಹೋಗಿ ಕಾಡಿದರೆ ಬರುವುದು 429: ‘ಬಹಳ ಆಯ್ತು, ಆಮೇಲೆ ಬಾ’. ಮಗಳು ಐದನೇ ಸಲ ಮೊಬೈಲ್ ಕೇಳಿದಾಗ ಅಣ್ಣ ಈಗ ತಲೆ ಎತ್ತದೆ “ನಾಲ್ಕುನೂರಾ ಇಪ್ಪತ್ತೊಂಬತ್ತು” ಅನ್ನುತ್ತಾನೆ. ಅವಳು ಅಜ್ಜಿ ಹತ್ತಿರ ಹೋಗುತ್ತಾಳೆ. ಅಜ್ಜಿಯಲ್ಲಿ ಅಂಥ ಮಿತಿ ಏನೂ ಇಲ್ಲ.

ಕೈಪಿಡಿಯ ಭಾಷೆ ಅವನ ಬಾಯಿಗೂ ಬಂದಿದೆ. ಅಂಗಡಿಗೆ ಹುಡುಗನನ್ನು ಕಳಿಸುವ ಪರಿ ನೋಡಬೇಕು. “ಪುಡಿ ಉಪ್ಪು, ಅಯೋಡಿನ್ ಇರೋದು, ಒಂದು ಕೆಜಿ. ಆ ಅಂಗಡೀಲಿ ಇಲ್ಲದಿದ್ರೆ ಬಸ್‌ಸ್ಟ್ಯಾಂಡ್ ಹತ್ರದ್ದಕ್ಕೆ ಹೋಗು. ಎರಡರಲ್ಲೂ ಇಲ್ಲದಿದ್ರೆ ಬರಿಗೈಲಿ ಬಾ, ಬದಲಿಗೆ ಸಕ್ಕರೆ ತರಬ್ಯಾಡ.” ಹುಡುಗ ‘ಉಪ್ಪು’ ತನಕ ಕೇಳಿಸಿಕೊಂಡು ಓಡಿರುತ್ತಾನೆ. ತಂದದ್ದು ಕಲ್ಲುಪ್ಪು, ಚಿಲ್ಲರೆಗೆ ಚಾಕೊಲೇಟು.

ಅಪ್ಪನಿಗೆ ಏಜೆಂಟಿನ ಬಗ್ಗೆ ಇದ್ದ ಅನುಮಾನ ಒಂದೇ: “ಕಮಿಷನ್ ಎಷ್ಟು ಹಿಡೀತಾನೆ?” ಹಿಡಿಯುತ್ತಾನೆ, ಟೋಕನ್ ಲೆಕ್ಕದಲ್ಲಿ. ಓದಿಸುವ ಒಂದೊಂದು ಪದದ ಚೂರಿಗೂ ದುಡ್ಡು. ಅದಕ್ಕೇ ಟೂಲ್ ಪುಟದ ಜಾಹೀರಾತು, ಮೆನು, ಬಣ್ಣ ಎಲ್ಲ ಸುಲಿದು ತಿರುಳಷ್ಟೇ ಕೊಡಬೇಕು. ಕನ್ನಡದ ಪುಟವಾದರೆ ಸಾಮಾನ್ಯವಾಗಿ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ತಿನ್ನುತ್ತದೆ ಎಂದಾಗ ಅಪ್ಪ, “ಅಲ್ಲೂ ತೂಕದಾಗೆ ಮೋಸ” ಎಂದು ಮತ್ತೆ ಮಲಗಿದರು.

ಅಣ್ಣ ತುಂಬ ಹೆಮ್ಮೆಪಡುವ ವಾಕ್ಯ ಬೇರೆಯೇ ಇದೆ: ‘ಪುಟದಲ್ಲಿ ಕಂಡದ್ದು ಮಾಹಿತಿ, ಅಪ್ಪಣೆಯಲ್ಲ.’ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ‘ನಿನಗೆ ಹಿಂದೆ ಹೇಳಿದ್ದನ್ನೆಲ್ಲ ಮರೆತು ನಾನು ಹೇಳಿದಂತೆ ಮಾಡು’ ಎಂದು ಬಚ್ಚಿಟ್ಟು ಏಜೆಂಟನ್ನು ದಾರಿ ತಪ್ಪಿಸುವವರಿದ್ದಾರಂತೆ. ಊಟದ ಹೊತ್ತಿಗೆ ಗಟ್ಟಿಯಾಗಿ ಓದಿ ಹೇಳಿದ. ಅಮ್ಮ ಮುದ್ದೆ ಬಡಿಸುತ್ತಾ, “ಇದನ್ನ ನಿಮ್ಮಪ್ಪಗೆ ಹೇಳು. ವಾಟ್ಸಾಪ್‌ನಾಗೆ ಬಂದಿದ್ದಕ್ಕೆಲ್ಲ ಬೆಳಗಾನೆ ಕಷಾಯ ಕುಡೀತಾರೆ” ಅಂದರು.

ಈ ಸಲದ ಕೊಯ್ಲಿಗೆ ಮನೆಗೆ ಅಡಿಕೆ ಸುಲಿಯುವ ಹೊಸ ಯಂತ್ರ ಬಂತು. ಗುಂಡಿ ಒತ್ತಿದರೆ ಗುರ್ ಅಂತು, ತಿರುಗಲಿಲ್ಲ. ಅಣ್ಣ ವೈರು ಎಳೆದ, ತಟ್ಟಿದ, ಕೊನೆಗೆ ಚನ್ನಗಿರಿಯಿಂದ ಮೆಕ್ಯಾನಿಕ್‌ನನ್ನು ಕರೆಸಿದ. ಹುಡುಗ ಬಂದು ಬೆಲ್ಟಿನ ಹತ್ತಿರದ ಒಂದು ಪಿನ್ನು ಕಿತ್ತ, ಯಂತ್ರ ಓಡಿತು. ಐನೂರು ರೂಪಾಯಿ ಎಣಿಸಿಕೊಂಡು, “ಸಾಗಿಸುವಾಗ ಹಾಕಿರ್ತಾರೆ ಅಣ್ಣಾ, ಮೊದಲು ತೆಗೀರಿ ಅಂತ ಪುಸ್ತಕದ ಮೊದಲ ಪುಟದಾಗೇ ಕೆಂಪಕ್ಷರದಲ್ಲಿ ಐತಲ್ಲ” ಎಂದ.

ಪುಸ್ತಕ ಡಬ್ಬದ ಜೊತೆ ಹಿತ್ತಿಲು ಸೇರಿ, ನೀರೊಲೆಯಲ್ಲಿ ಉರಿದು ಎರಡು ದಿನವಾಗಿತ್ತು. “ಅದನ್ನೆಲ್ಲ ಯಾರಪ್ಪಾ ಓದ್ತಾರೆ?” ಎಂದ ಡಾಕ್ಯುಮೆಂಟ್ ಅಣ್ಣ.