ಗಂಡು ನೋಡುವ ಶಾಸ್ತ್ರ

ಹೆಣ್ಣು ನೋಡುವ ಶಾಸ್ತ್ರದಲ್ಲಿ ಏನೇನು ನೋಡುತ್ತಿದ್ದರು ಅನ್ನುವುದು ನಿಮಗೆ ಗೊತ್ತೇ ಇದೆ. ಜಡೆ ಎಷ್ಟುದ್ದ, ಬಣ್ಣ ಎಂಥದು, ನಡೆದರೆ ಕಾಲು ಸರಿಯಿದೆಯೋ, ಒಂದು ದೇವರನಾಮ ಹಾಡಿಸಿದರೆ ಶ್ರುತಿ ನಿಲ್ಲುತ್ತದೋ. ಎದುರಿಗೆ ಕೂತು ಕೇಸರಿಬಾತು ಮೆಲ್ಲುತ್ತಿದ್ದ ಗಂಡನ್ನು ಮಾತ್ರ ಯಾರೂ ಹೀಗೆ ಅಳೆಯಲಿಲ್ಲ. ಸಂಬಳ ಕೇಳಿದರು, ಸ್ವಂತ ಮನೆಯೋ ಬಾಡಿಗೆಯೋ ಕೇಳಿದರು, ಅಲ್ಲಿಗೆ ಮುಗಿಯಿತು. ಆ ಬಾಕಿಯನ್ನು ನಾವು ಹೆಂಗಸರು ಟಾಕೀಸಿನಲ್ಲಿ ತೀರಿಸಿಕೊಂಡೆವು. ಕತ್ತಲಲ್ಲಿ, ಎರಡೂವರೆ ಗಂಟೆ, ಒಬ್ಬ ಗಂಡಸನ್ನು ಎವೆಯಿಕ್ಕದೆ ನೋಡಿದರೂ ಯಾರೂ ಏನೂ ಅನ್ನದ ಜಾಗ ಅದೊಂದೇ ಇತ್ತು. ಗಾಂಧಿನಗರದವರು ನಾವು ಕಥೆ ನೋಡಲು ಬರುತ್ತಿದ್ದೇವೆ ಅಂದುಕೊಂಡಿದ್ದರು. ಪಾಪ, ಇರಲಿ.

ನಮ್ಮ ಮನೆಯಲ್ಲಿ ಈ ಶಾಸ್ತ್ರಕ್ಕೆ ಮೂವರು ಪಂಡಿತರಿದ್ದೇವೆ. ಅತ್ತೆಯ ಪಾಲಿಗೆ ಲೋಕದಲ್ಲಿ ಗಂಡಸು ಅಂತಿದ್ದರೆ ರಾಜ್‌ಕುಮಾರ್ ಒಬ್ಬರೇ. ನಮ್ಮ ಮಾವನವರು ಆ ಮಾತನ್ನು ಒಪ್ಪಿಕೊಂಡೇ ಕೊನೆಯವರೆಗೂ ಸಂಸಾರ ಮಾಡಿದರು. ನಾನು ವಿಷ್ಣುವರ್ಧನ್‌ಗೂ ಅನಂತ್‌ನಾಗ್‌ಗೂ ನಡುವೆ ಓಲಾಡುತ್ತಾ ಬೆಳೆದವಳು. ಮಗಳು ಗಡ್ಡದ ಕಾಲದವಳು. ನಮ್ಮನೆಯವರಿಗೆ ಈ ಸಭೆಯಲ್ಲಿ ಮಾತಾಡುವ ಹಕ್ಕಿಲ್ಲ, ಕಾಫಿ ಕೊಡುವ ಹಕ್ಕಿದೆ.

ಅತ್ತೆಯ ಶಾಸ್ತ್ರ ಮೂಗಿನಿಂದ ಶುರುವಾಗುತ್ತದೆ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಮೊದಲ ಬಾರಿಗೆ ನಾಯಕನಾಗಿ ಬಂದ ಆ ಮೂಗು ಎದುರಿನಿಂದ ನೋಡಿದರೆ ಒಂದು ಚೂರು ಜಾಸ್ತಿಯೇ. ಅತ್ತೆಯ ಎದುರು ಹಾಗಂದವರು ಆ ದಿನ ಊಟಕ್ಕೆ ಹೋಟೆಲಿಗೆ ಹೋಗಬೇಕು. ಆದರೆ ಪಕ್ಕಕ್ಕೆ ತಿರುಗಲಿ, ತಲೆಗೆ ಕಿರೀಟ ಬರಲಿ, ಕಪ್ಪುಬಿಳುಪಿನಲ್ಲಿ ಒಂದು ಕಡೆಯಿಂದ ಬೆಳಕು ಬೀಳಲಿ, ಆಗ ಗೊತ್ತಾಗುತ್ತದೆ ಆ ಮೂಗು ಯಾಕೆ ಅಷ್ಟಿದೆ ಅಂತ. ಕಿರೀಟ ಹೊರುವುದಕ್ಕೂ ಒಂದು ಮುಖ ಬೇಕು ನೋಡಿ. ಈಗಿನ ಎಷ್ಟೋ ಹುಡುಗರ ತಲೆಗೆ ಕಿರೀಟ ಇಟ್ಟರೆ, ಶಾಲೆಯ ವಾರ್ಷಿಕೋತ್ಸವಕ್ಕೆ ಬಾಡಿಗೆಗೆ ತಂದದ್ದು, ಸಂಜೆ ವಾಪಸು ಕೊಡಬೇಕು ಅನ್ನಿಸುತ್ತದೆ. ರಾಜ್‌ಕುಮಾರ್ ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದವರು. ಮೈಕು ನಂಬಿಕೊಳ್ಳದೆ ಕೊನೆಯ ಸಾಲಿನವರಿಗೆ ಮಾತು ಮುಟ್ಟಿಸಿದ ಗಂಟಲು, ಕೊನೆಯ ಸಾಲಿನವರಿಗೂ ಕಾಣುವ ಹಾಗೆ ನಿಂತು ರೂಢಿಯಾದ ಬೆನ್ನು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆಯ ಮೇಲೆ ಕೂತು ತಾವೇ ಹಾಡಿದರಲ್ಲ, ಎಮ್ಮೆಯ ಮೇಲೂ ಬೆನ್ನು ಬಾಗಿಲ್ಲ. ಅವರಿಗಾಗ ನಲವತ್ತೈದು. ಮಗಳ ವಯಸ್ಸಿನ ಮಂಜುಳಾ ಎದುರಿಗೆ. ನಾಡಿನ ಒಬ್ಬ ಹೆಂಗಸೂ ಅಪಸ್ವರ ಎತ್ತಲಿಲ್ಲ.

ಇಲ್ಲೊಂದು ತಕರಾರು ನನ್ನದು ಇದ್ದೇ ಇದೆ. ಹೀರೋನ ವಯಸ್ಸನ್ನು ಟೋಪನ್ನಿನೊಳಗೆ, ಕೂಲಿಂಗ್ ಗ್ಲಾಸಿನ ಹಿಂದೆ ಬಚ್ಚಿಟ್ಟು ಕಾಪಾಡುವ ನಮ್ಮ ಉದ್ಯಮ, ಅವನ ಜೊತೆ ಮರ ಸುತ್ತಿದ ನಾಯಕಿಗೆ ಹತ್ತು ವರ್ಷ ಕಳೆಯುವುದರೊಳಗೆ ಬಿಳಿ ಸೀರೆ ಉಡಿಸಿ, ಅದೇ ಹೀರೋನ ತಾಯಿ ಮಾಡಿ ಕೆಮ್ಮಿಸುತ್ತದೆ. ಬಣ್ಣದ್ದೂ ಅಷ್ಟೇ. ನಾಯಕಿ ಹಾಲಿನಂತಿರಬೇಕು, ಅದಕ್ಕಾಗಿ ಮುಂಬೈಗೇ ಹೋಗಿ ಕರೆತರುತ್ತಾರೆ. ಹೀರೋ ಎಣ್ಣೆಗೆಂಪಿದ್ದರೂ ನಡೆಯುತ್ತದೆ, ಕಪ್ಪಿದ್ದರೆ ಇನ್ನೂ ಲಾಯಕ್ಕು. ಕಪ್ಪು ಹೀರೋ ಬಗ್ಗೆ ನನಗೇನೂ ದೂರಿಲ್ಲ. 2007ರ ‘ದುನಿಯಾ’ದಲ್ಲಿ ಕಲ್ಲುಕ್ವಾರಿಯ ಶಿವಲಿಂಗುವಾಗಿ ಬಂದ ವಿಜಯ್‌ನನ್ನು ನೋಡಿ, ಸೂರಿ ಈತನನ್ನು ಕ್ವಾರಿಯಿಂದಲೇ ಎಬ್ಬಿಸಿಕೊಂಡು ಬಂದರೇನೋ ಅನ್ನಿಸಿತ್ತು. ಪಾತ್ರಕ್ಕೆ ಮುಖ ಹುಡುಕುವುದು ಅಂದರೆ ಅದು. ನಾಯಕಿಯ ವಿಷಯದಲ್ಲೂ ಹಾಗೆ ಹುಡುಕಿ ಅಂತಷ್ಟೇ ನನ್ನ ಕೋರಿಕೆ.

ಮುಖ ಹುಡುಕುವುದರಲ್ಲಿ ಪುಟ್ಟಣ್ಣ ಕಣಗಾಲರ ಕಣ್ಣೇ ಕಣ್ಣು. 1972ರ ‘ನಾಗರಹಾವು’ ನೋಡಿ. ತ.ರಾ.ಸು. ಬರೆದ ರಾಮಾಚಾರಿಗೆ, ಸಿಟ್ಟು ಮೂಗಿನ ತುದಿಯಲ್ಲಿರುವ ದುರ್ಗದ ಹುಡುಗನಿಗೆ, ಅವರು ಹುಡುಕಿದ್ದು ಸಂಪತ್‌ಕುಮಾರ್ ಎಂಬ ಹೊಸಬನನ್ನು. ಹೆಸರನ್ನೂ ವಿಷ್ಣುವರ್ಧನ್ ಅಂತ ಬದಲಾಯಿಸಿದರು. ಚೆಲುವ ಹೌದು, ಆದರೆ ಚೆಲುವಿಗೆ ಸಿಕ್ಕ ಪಾತ್ರವಲ್ಲ ಅದು. ಆ ಕಣ್ಣುಗಳು ಒಂದು ಕಡೆ ನಿಲ್ಲುವುದಿಲ್ಲ. ಚಾಮಯ್ಯ ಮೇಷ್ಟ್ರ ಎದುರು ಮಾತ್ರ ನಿಲ್ಲುತ್ತವೆ, ಅದೂ ನೆಲ ನೋಡಿಕೊಂಡು. ಲೋಕಕ್ಕೆಲ್ಲ ಬುಸುಗುಟ್ಟುವವನು ಒಬ್ಬ ಮುದುಕ ಮೇಷ್ಟ್ರಿಗೆ ತಲೆಬಾಗುತ್ತಾನೆ ಅಂದಾಗ, ಹೆಂಗಸರ ಸಾಲಿನಲ್ಲಿ ಅರ್ಧ ಜನ ಅಲ್ಲೇ ಮುಗಿದುಹೋದರು. ಉಳಿದರ್ಧ ಜನವನ್ನು ಅದೇ ಚಿತ್ರದಲ್ಲಿ ಒಂದು ಸೈಕಲ್ಲು, ಒಂದು ಸಿಗರೇಟು ಹಿಡಿದು ಬಂದ ಜಲೀಲ ಹೊತ್ತೊಯ್ದ. ಅಲಮೇಲುವನ್ನು ಕಾಡುವ ಪೋಲಿ ಅವನು, ಬಯ್ಯಬೇಕಾದವನು. ಆ ಹುಡುಗ ಕುತ್ತಿಗೆ ವಾಲಿಸಿ ನಿಂತ ರೀತಿಯಲ್ಲೇ ಮುಂದಿನ ರೆಬೆಲ್ ಸ್ಟಾರ್ ಅಂಬರೀಶ್ ಪೂರ್ತಿ ಕೂತಿದ್ದ. ಬಯ್ಯುತ್ತಲೇ ನೋಡಿದೆವು.

ಶಂಕರ್‌ನಾಗ್‌ರನ್ನು ನಮ್ಮ ಅತ್ತೆ ಬಹಳ ದಿನ ಒಪ್ಪಿರಲಿಲ್ಲ. “ಇದೇನೇ, ಬಸ್ಸು ತಪ್ಪಿಹೋಗುತ್ತೆ ಅನ್ನೋ ಹಾಗೆ ಮಾತಾಡ್ತಾನೆ” ಅನ್ನುತ್ತಿದ್ದರು. ಆದರೆ ಆ ಆತುರವೇ ಆತನ ಅಂದ. 1978ರ ‘ಒಂದಾನೊಂದು ಕಾಲದಲ್ಲಿ’ಯ ಕತ್ತಿಯ ಕೈ, ಎರಡೇ ವರ್ಷಕ್ಕೆ ‘ಆಟೋ ರಾಜ’ನ ಹ್ಯಾಂಡಲ್ ಹಿಡಿಯಿತು. ಖಾಕಿ ಅಂಗಿಗೆ ಒಂದು ಘನತೆ ಬಂತು. 1990ರಲ್ಲಿ, ಮೂವತ್ತೈದು ದಾಟುತ್ತಿದ್ದ ಹಾಗೇ ಹೊರಟುಹೋದರು. ಇವತ್ತಿಗೂ ಬೆಂಗಳೂರಿನ ಆಟೋ ನಿಲ್ದಾಣದ ಫಲಕದಲ್ಲಿ, ಆಟೋಗಳ ಬೆನ್ನ ಮೇಲೆ ಅದೇ ಮುಖ. ಮೀಟರ್ ಮೇಲೆ ಕೇಳುವ ದುಡ್ಡಿಗೂ ಆ ಮುಖಕ್ಕೂ ಸಂಬಂಧವಿಲ್ಲ, ಅದು ಬೇರೆ ಮಾತು.

ಇನ್ನು ಮೂಗೂ ಇಲ್ಲ, ಮೈಕಟ್ಟೂ ಇಲ್ಲ ಅನ್ನುವವರ ಕಥೆ. ಇದರಲ್ಲಿ ಕನ್ನಡದವರಷ್ಟು ಉದಾರಿಗಳು ಬೇರೆ ಯಾರಿದ್ದಾರೋ ಕಾಣೆ. ಕುಳ್ಳ ದ್ವಾರಕೀಶ್ ಪತ್ತೇದಾರನಾಗಿ ಪಿಸ್ತೂಲು ಹಿಡಿದರೆ ಚಪ್ಪಾಳೆ ತಟ್ಟಿದೆವು. ಊರೂರು ತಿರುಗಿ ಸರಕು ಮಾರುವ ‘ಪರಸಂಗದ ಗೆಂಡೆತಿಮ್ಮ’ನಾಗಿ ಲೋಕೇಶ್ ಬಂದಾಗ, ಹೆಂಡತಿಯ ಮನಸ್ಸು ಬೇರೆ ಕಡೆ ಹೋಯಿತಲ್ಲ ಅಂತ ಅವಳ ಮೇಲೆ ಸಿಟ್ಟಾದೆವೇ ಹೊರತು, ತಿಮ್ಮ ಚೆನ್ನಾಗಿಲ್ಲ ಅನ್ನಲಿಲ್ಲ. ಕಾಶಿನಾಥ್ ‘ಅನುಭವ’ ಮಾಡಿದಾಗ ಮನೆಯಲ್ಲಿ ನೋಡಬಾರದು ಅಂತ ಕಟ್ಟಪ್ಪಣೆಯಾಗಿತ್ತು. ಯಾರು ಯಾವಾಗ ನೋಡಿದರೋ, ಎಲ್ಲರಿಗೂ ಕಥೆ ಮಾತ್ರ ಗೊತ್ತಿತ್ತು.

ಆದರೆ ಈ ಪಂಗಡದ ಶಿಖರ 2017ರ ‘ಒಂದು ಮೊಟ್ಟೆಯ ಕಥೆ’. ಬೋಳುತಲೆಯ ಕನ್ನಡ ಮೇಷ್ಟ್ರು ಜನಾರ್ದನ, ಮಂಗಳೂರಿನವನು, ಹೆಣ್ಣು ಸಿಗದೆ ಒದ್ದಾಡುತ್ತಾನೆ. ಅವನ ಆರಾಧ್ಯ ದೈವ ಯಾರು ಗೊತ್ತೇ? ರಾಜ್‌ಕುಮಾರ್! ಅತ್ತೆ ಅಷ್ಟಕ್ಕೇ ಅವನನ್ನು ಪಾಸು ಮಾಡಿದರು. ತಮಾಷೆ ಅದಲ್ಲ. ಅದೇ ರಾಜ್ ಬಿ. ಶೆಟ್ಟಿ, ಅದೇ ತಲೆ, ನಾಲ್ಕು ವರ್ಷಕ್ಕೆ ‘ಗರುಡ ಗಮನ ವೃಷಭ ವಾಹನ’ದಲ್ಲಿ ಶಿವನಾಗಿ ಬಂದು, ಕೊಂದಾದ ಮೇಲೆ ಹುಲಿವೇಷದ ಹೆಜ್ಜೆ ಹಾಕಿದಾಗ ನಮ್ಮ ಮಗಳು ಸೋಫಾದ ಅಂಚಿಗೆ ಬಂದು ಕೂತಿದ್ದಳು. ಮೊಟ್ಟೆಯ ಕಥೆಯಲ್ಲಿ ನಗು ಬರಿಸಿದ ಬೋಳು ಇಲ್ಲಿ ಬೆನ್ನುಹುರಿಯಲ್ಲಿ ನಡುಕ ಹುಟ್ಟಿಸಿತು. ಆಮೇಲೆ ಯಾರಾದರೂ ರೂಪ ಅಂದರೆ ಕೂದಲು ಅಂದರೆ ನಾನು ಕೇಳುವುದಿಲ್ಲ. ನಮ್ಮನೆಯವರು ಈ ವಾಕ್ಯವನ್ನು ಎರಡು ಸಲ ಓದಿಸಿಕೊಂಡರು.

ಮಗಳ ಮಾತಿಗೆ ಬರೋಣ. ಅವಳ ಶಾಸ್ತ್ರದಲ್ಲಿ ಗಡ್ಡ ಮೊದಲು, ಗಂಡು ಆಮೇಲೆ. 2018ರಲ್ಲಿ ‘ಕೆಜಿಎಫ್’ ಬಂತು ನೋಡಿ, ಕೋಲಾರದ ಗಣಿಯಿಂದ ಚಿನ್ನ ಹೊರಬಂತೋ ಇಲ್ಲವೋ, ಗಡ್ಡ ಮಾತ್ರ ನಾಡಿಗೆಲ್ಲ ಹರಡಿತು. ಮದುವೆ ಮಂಟಪದಲ್ಲಿ ವರನ ಮುಖಕ್ಕೆ ಅರಿಸಿನ ಹಚ್ಚಲು ಜಾಗವಿಲ್ಲದೆ ಮುತ್ತೈದೆಯರು ಹಣೆಗೇ ಹಚ್ಚಿ ಕೈತೊಳೆದುಕೊಂಡರು. ಯಶ್‌ಗೆ ಆ ಗಡ್ಡ ಒಪ್ಪುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಅವರಿಗೆ ಒಪ್ಪುವುದು ಆ ಗಡ್ಡದ ಹಿಂದೆ ತಾಯಿಗೆ ಕೊಟ್ಟ ಮಾತೊಂದು ಕೂತಿರುವುದರಿಂದ. ಕಾಲೇಜಿನ ಹುಡುಗರ ಗಡ್ಡದ ಹಿಂದೆ ಬಾಕಿ ಉಳಿದ ಸಬ್ಜೆಕ್ಟು ಬಿಟ್ಟರೆ ಏನೂ ಇಲ್ಲ. ಹೊಟ್ಟೆಯ ಮೇಲಿನ ಆರು ಗಂಟುಗಳ ಬಗ್ಗೆ ನಾನು ಮಾತಾಡುವುದಿಲ್ಲ. ಬಾಳೆಎಲೆಯ ಮುಂದೆ ಕೂತು ಎರಡನೇ ಸಲ ಪಾಯಸ ಬೇಡ ಅನ್ನುವ ಗಂಡಸನ್ನು ಪ್ರೀತಿಸುವುದು ಹೇಗೋ ನನಗೆ ತಿಳಿಯದು.

ಇಷ್ಟು ಜಗಳವಾಡಿದ ಮೇಲೂ ನಾವು ಮೂವರೂ ಒಂದು ಕಡೆ ಸೇರುತ್ತೇವೆ. ಅತ್ತೆ ಅತಿ ಹೆಚ್ಚು ಸಲ ನೋಡಿದ್ದು ಯಾವುದನ್ನು? ‘ಕಸ್ತೂರಿ ನಿವಾಸ’, ಕೊಟ್ಟು ಕೊಟ್ಟು ಬರಿಗೈಯಾಗುವ ರವಿವರ್ಮ. ಆಮೇಲೆ ‘ಬಂಗಾರದ ಮನುಷ್ಯ’. ಬರಡು ಬಂಡೆಯನ್ನು ಹೊಲ ಮಾಡಿ, ಕೊನೆಗೆ ಏನನ್ನೂ ಕೈಗೆತ್ತಿಕೊಳ್ಳದೆ ಊರು ಬಿಟ್ಟು ನಡೆದುಬಿಡುವ ರಾಜೀವ. ನನ್ನ ಕರವಸ್ತ್ರ ಒದ್ದೆಯಾದದ್ದು 1984ರ ‘ಬಂಧನ’ದ ಡಾಕ್ಟರ್ ಹರೀಶನಿಗೆ. ಪ್ರೀತಿಸಿದವಳು ಇನ್ನೊಬ್ಬನ ಹೆಂಡತಿಯಾದಳು, ಈತ ನಗುತ್ತಾ ನಿಂತ. ಆ ನಗುವಿಗೆ ವಿಷ್ಣುವರ್ಧನ್ ಒಬ್ಬರದೇ ಮುಖ ಹೊಂದುತ್ತಿತ್ತು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯ ಗಣೇಶ್ ಎರಡು ಗಂಟೆ ಬಾಯಿ ಮುಚ್ಚಲಿಲ್ಲ. ಕೊನೆಯಲ್ಲಿ ಬಾಯಿ ಮುಚ್ಚಿ ಹುಡುಗಿಯನ್ನು ಬಿಟ್ಟುಕೊಟ್ಟ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಅದು ವರ್ಷ ದಾಟಿ ಓಡಿತು.

ಲೆಕ್ಕ ಹಾಕಿ ನೋಡಿ. ಇವರೆಲ್ಲ ಸೋತವರು. ಹೊಡೆದಾಟದಲ್ಲಿ ಗೆದ್ದಿರಬಹುದು, ಅದನ್ನು ಫೈಟ್ ಮಾಸ್ಟರು ಗೆಲ್ಲಿಸಿಕೊಡುತ್ತಾರೆ. ಹೆಂಗಸರಿಗೆ ಗಂಡಸು ಚೆಂದ ಕಾಣುವುದು ಅವನು ಅಂದವಾಗಿ ಸೋತಾಗ. ಸೋಲುವುದು ಕಷ್ಟದ ನಟನೆ. ಕಣ್ಣೀರು ಸುರಿಸಿದರೆ ಅಳುಬುರುಕನಾಗುತ್ತಾನೆ, ಸುರಿಸದಿದ್ದರೆ ಕಲ್ಲಾಗುತ್ತಾನೆ. ಪಾತ್ರಕ್ಕೆ ಹೀರೋನನ್ನು ಆರಿಸುವಾಗ ಈತ ಹೇಗೆ ಹೊಡೆಯುತ್ತಾನೆ ಅಂತ ನೋಡುವ ಬದಲು ಈತ ಹೇಗೆ ಸೋಲುತ್ತಾನೆ ಅಂತ ನೋಡಬೇಕು ಅನ್ನುವುದು ನಮ್ಮ ಮೂವರ ಒಮ್ಮತದ ತೀರ್ಪು. 1977ರ ‘ಬಭ್ರುವಾಹನ’ದಲ್ಲಿ ಮಗನ ಕೈಯಲ್ಲಿ ಅರ್ಜುನ ಸೋಲಬೇಕಿತ್ತು. ಅರ್ಜುನ ರಾಜ್‌ಕುಮಾರ್. ಅವರನ್ನು ಸೋಲಿಸಲು ಇನ್ನೊಬ್ಬ ರಾಜ್‌ಕುಮಾರರನ್ನೇ ಕರೆಸಬೇಕಾಯಿತು!

“ಅಮ್ಮಾ, ‘ಕೆಜಿಎಫ್’ನ ರಾಕಿನೂ ಸೋತನಲ್ಲ, ಎರಡನೇ ಭಾಗದ ಕೊನೆಯಲ್ಲಿ ಚಿನ್ನದ ಸಮೇತ ಸಮುದ್ರಕ್ಕಿಳಿದ” ಅಂದಳು ಮಗಳು. ಇಳಿದ, ಸರಿ. ಮುಳುಗುವಾಗಲೂ ಗೆದ್ದವನ ಮುಖ ಹೊತ್ತುಕೊಂಡೇ ಇಳಿದ. ಅರ್ಧ ಅಂಕ ಕೊಟ್ಟೆವು.

ಪೂರ್ಣಾಂಕ ಯಾರಿಗೆ ಅಂತೀರೋ? ಅನಂತ್‌ನಾಗ್‌ಗೆ. ‘ಗಣೇಶನ ಮದುವೆ’ಯಲ್ಲಿ ಒಂದು ವಠಾರದೊಳಗೇ ಪೇಚಾಡಿ ನಗಿಸಿದವರು, 2016ರಲ್ಲಿ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಅನ್ನುವ ಚಿತ್ರ ಮಾಡಿದರು. ಕಾಣೆಯಾದವರ ಪ್ರಕಟಣೆಯಲ್ಲಿ ಬರುವ ಚಹರೆ ಅದು. ಮರೆವಿನ ಕಾಯಿಲೆಯ ವೆಂಕೋಬರಾವ್, ದಾರಿ ತಪ್ಪಿದ ಅಪ್ಪ. ಆ ಪಾತ್ರಕ್ಕೆ ನೆನಪೇ ಇಲ್ಲ, ಇನ್ನು ಗೆಲುವು ಎಲ್ಲಿಂದ? ಆದರೂ ಸತ್ತ ಹೆಂಡತಿಯ ಬಗ್ಗೆ ಆತ ಮಾತಾಡಲು ಶುರುಮಾಡಿದಾಗ ನಮ್ಮ ಮನೆಯಲ್ಲಿ ಟೀವಿಯ ಮುಂದೆ ಒಬ್ಬರೂ ಕದಲಲಿಲ್ಲ. ಎಪ್ಪತ್ತರ ಹತ್ತಿರದ ಗಂಡಸು, ಸಾಧಾರಣ ಮೈಕಟ್ಟು, ನಾಡಿನ ಅತ್ಯಂತ ಸುಂದರ ಹೀರೋ.

ಆದ್ದರಿಂದ ನಿರ್ಮಾಪಕರಲ್ಲಿ ಒಂದು ವಿನಂತಿ. ಮುಂದಿನ ಚಿತ್ರಕ್ಕೆ ಹೀರೋ ಆರಿಸುವಾಗ ತೋಳಿನ ಸುತ್ತಳತೆ, ಗಡ್ಡದ ಉದ್ದ, ಫ್ಯಾನ್ಸ್ ಸಂಘಗಳ ಸಂಖ್ಯೆ ಎಲ್ಲ ನೋಡಿಕೊಳ್ಳಿ, ಬೇಡ ಅನ್ನುವುದಿಲ್ಲ. ಆಮೇಲೆ ಆ ಹುಡುಗನನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಒಬ್ಬ ಹುಡುಗಿಯಿಂದ “ನನಗೆ ನೀವು ಇಷ್ಟವಿಲ್ಲ” ಅಂತ ಹೇಳಿಸಿ, ಕ್ಯಾಮರಾ ಅವನ ಮುಖದ ಮೇಲಿರಲಿ. ಅಲ್ಲಿ ಪಾಸಾದರೆ ನಮ್ಮ ಮನೆಯಿಂದ ಮೂರು ಟಿಕೆಟ್ ಗ್ಯಾರಂಟಿ. ನಮ್ಮನೆಯವರದ್ದು ನಾಲ್ಕನೆಯದು, ಅವರಿಗೆ ಆಯ್ಕೆ ಇಲ್ಲ.