ಎಫ್‌ಎಂ ಸ್ಟೇಷನ್ನುಗಳ ಪರಕಾಯ ಪ್ರವೇಶ: ಮಾಲೂರು ಸೀಮೆಯನ್ನು ಆಧರಿಸಿದ ಒಂದು ಅಧ್ಯಯನ

ಬೆಂಗಳೂರಿನ ರೇಡಿಯೊ ಸ್ಟೇಷನ್ನು ರಾತ್ರಿ ಹಿಂದಿ ಹಾಡುತ್ತಾ ಮಲಗಿ ಬೆಳಗ್ಗೆ ಕನ್ನಡ ಹಾಡುತ್ತಾ ಏಳುವುದೇಕೆ ಎಂಬ ಪ್ರಶ್ನೆಗೆ ಪಂಡಿತರು ಇದುವರೆಗೆ ಬೆಂಗಳೂರಿನಲ್ಲೇ ಕೂತು ಉತ್ತರ ಹುಡುಕಿದ್ದಾರೆ. ದೋಷ ಅಲ್ಲೇ ಇದೆ. ಗೋಪುರದ ಬುಡದಲ್ಲಿ ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತದೆ. ಸ್ಪಷ್ಟವಾಗಿ ಕೇಳಿಸುವುದಕ್ಕೆ ಯಾರೂ ಕಿವಿಗೊಡುವುದಿಲ್ಲ. ಅರ್ಧ ಹಾಡು, ಅರ್ಧ ಗೊರಗೊರ ಬರುವ ಕಡೆಯೇ ಶಾಸ್ತ್ರಕ್ಕೆ ಯೋಗ್ಯನಾದ ಶ್ರೋತೃ ಹುಟ್ಟುವುದು. ಆ ಪುಣ್ಯಭೂಮಿ ಮಾಲೂರು.

ಅಧ್ಯಯನದ ವ್ಯಾಪ್ತಿ: ವೈಟ್‌ಫೀಲ್ಡ್ ದಾಟಿದ ಮೇಲೆ ಬಂಗಾರಪೇಟೆ ಬರುವವರೆಗೆ. ಅಧ್ಯಯನದ ಮಿತಿ: ಪ್ಯಾಸೆಂಜರ್ ಗಾಡಿಯಲ್ಲಿ ಕೂರಲು ಜಾಗ ಸಿಗದಿರುವುದು.

ಮೊದಲು ಗಣಿತ. ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಿನ ನೋಟದಷ್ಟೇ ದೂರ ಹೋಗುವಂಥದ್ದು. ಭೂಮಿ ಬಾಗಿದ ಕಡೆ ಅದರ ಆಟ ಮುಗಿಯಿತು. ಗೋಪುರದ ಎತ್ತರದ ವರ್ಗಮೂಲಕ್ಕೆ ಕೇಳುಗನ ಏರಿಯಲ್ಲಿನ ಎತ್ತರದ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿದರೆ ಅಲೆ ಎಷ್ಟು ಕಿಲೋಮೀಟರು ಮುಟ್ಟೀತು ಎಂಬ ಅಂದಾಜು ಸಿಗುತ್ತದೆ. ಗೋಪುರ 100 ಮೀಟರ್ ಎಂದಿಟ್ಟುಕೊಳ್ಳಿ. ಜಗಲಿಯ ಮೇಲೆ ಕೂತವನಿಗೆ 45 ಕಿಲೋಮೀಟರು. 9 ಮೀಟರ್ ಎತ್ತರದ ಮಹಡಿ ಹತ್ತಿದವನಿಗೆ 53ಕ್ಕಿಂತ ತುಸು ಹೆಚ್ಚು. ಮಾಲೂರು ಗೆರೆಯ ಒಳಗೆ, ಬಂಗಾರಪೇಟೆ ಹೊರಗೆ. ನಡುವೆ ತ್ಯಾಕಲ್ ಸುತ್ತಿನವರು ಮೆಟ್ಟಿಲು ಹತ್ತಿದರೆ ಬೆಂಗಳೂರಿಗರು, ಇಳಿದರೆ ಅಲ್ಲ. ಎಂಟು ಕಿಲೋಮೀಟರು ಮಹಾನಗರವನ್ನು ಹತ್ತಿರ ತರಲು ಒಂದು ಏಣಿ ಸಾಕು. ಸೈಟು ಮಾರುವವರು ಇದನ್ನು ಏಣಿಯೂ ಇಲ್ಲದೆ ಬ್ರೋಷರಿನಲ್ಲೇ ಸಾಧಿಸಿರುವುದನ್ನು ಇಲ್ಲಿ ಗೌರವದಿಂದ ದಾಖಲಿಸುತ್ತೇನೆ.

ಇನ್ನು ಪೂರ್ವಪಕ್ಷ. ‘ಕೇಳುಗರ ಬೇಡಿಕೆಯಂತೆ ನಾವು ಹಾಡು ಬದಲಿಸಿದೆವು’ ಎನ್ನುವುದು ಸ್ಟೇಷನ್ನಿನವರ ವಾದ. ಈ ವಾದ ರೇಡಿಯೊದಷ್ಟೇ ಹಳೆಯದು, ಅಷ್ಟೇ ಗೊರಗೊರ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿ ‘ಆಕಾಶವಾಣಿ’ ಎಂದು ಹೆಸರಿಟ್ಟ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರು. ಕೇಳುಗನ ಮನಸ್ಸನ್ನು ಬಲ್ಲವರು ರೇಡಿಯೊ ನಡೆಸಿದ್ದು ಅದೇ ಮೊದಲು. ಅದೇ ಕೊನೆ ಎಂದು ಕೆಲವರ ಮತ. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನೇ ಬಹಿಷ್ಕರಿಸಿತು. ಅದು ಮತ್ತೆ ಒಳಗೆ ಬಂದದ್ದು 1971ರಲ್ಲಿ. ಯಾವ ಕೇಳುಗ ಇದನ್ನು ಬೇಡಿದ್ದ? 1952ರಲ್ಲಿ ಸಚಿವ ಬಿ.ವಿ. ಕೇಸ್ಕರ್ ಅವರ ಶಾಸ್ತ್ರೀಯ ಅಭಿರುಚಿಯ ಪ್ರತಾಪಕ್ಕೆ ಸಿನಿಮಾ ಹಾಡು ಆಕಾಶವಾಣಿಯಿಂದ ಹೆಚ್ಚುಕಡಿಮೆ ಮಾಯವಾಯಿತು. ದೇಶ ಚಳವಳಿ ಹೂಡಲಿಲ್ಲ, ಮನವಿಪತ್ರ ಕೊಡಲಿಲ್ಲ. ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಿಡಿಯಿತು, ಅಷ್ಟೆ. ದೆಹಲಿಗೆ ಇದು ಅರ್ಥವಾಗಿ ವಿವಿಧ ಭಾರತಿ ಹುಟ್ಟಲು 1957ರ ಅಕ್ಟೋಬರ್ 3ರವರೆಗೆ ಕಾಯಬೇಕಾಯಿತು.

ಇದರಿಂದ ಸಿದ್ಧಾಂತ: ಕೇಳುಗ ಮೊದಲು ಹೋಗುತ್ತಾನೆ, ಸ್ಟೇಷನ್ನು ವರ್ಷಗಟ್ಟಲೆ ತಡವಾಗಿ ಅವನ ಹಿಂದೆ ಓಡಿ ಬಂದು, ತಾನೇ ಕೈಹಿಡಿದು ಕರೆತಂದೆ ಎನ್ನುತ್ತದೆ.

ಇದನ್ನು ಮಾಲೂರಿನಲ್ಲಿ ಪರೀಕ್ಷಿಸೋಣ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. ಅದೇ ವರ್ಷ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಬಾಯಿಬಿಟ್ಟಿತು. ದೇಶದ ಮೊದಲ ಖಾಸಗಿ ಎಫ್‌ಎಂ. ಈ ಎರಡು ತಾರೀಕುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಪಂಡಿತ ನನ್ನ ಕಣ್ಣಿಗೆ ಬಿದ್ದಿಲ್ಲ. ಗಣಿ ಹೋದ ಮೇಲೆ ಕೆಜಿಎಫ್‌ನ ಎಷ್ಟೋ ಜನ ಮಾರಿಕುಪ್ಪಂ ಗಾಡಿ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೊರಟರು. ಅದೇ ಗಾಡಿಗೆ ಬಂಗಾರಪೇಟೆಯವರು, ತ್ಯಾಕಲ್‌ನವರು, ಮಾಲೂರಿನವರು. ಬೆಳಗ್ಗೆ ಹೋಗುವಾಗ ಬೆಂಗಳೂರು ಕಿವಿಗೆ ಮೊದಲು ಸಿಗುತ್ತದೆ, ಕಾಲಿಗೆ ಆಮೇಲೆ. ಸಂಜೆ ಬರುವಾಗ ದೇವನಗೊಂದಿ ಕಳೆದ ಮೇಲೆ ಹಾಡಿಗೆ ತೇಕು ಹತ್ತುತ್ತದೆ. ಮೊಬೈಲಿನ ಎಫ್‌ಎಂಗೆ ಇಯರ್‌ಫೋನಿನ ತಂತಿಯೇ ಏರಿಯಲ್. ಆದ್ದರಿಂದ ತಂತಿಯ ನಡುವನ್ನು ಕಿಟಕಿಯ ಸರಳಿಗೆ ಸುತ್ತಿ, ಕತ್ತು ಕೊಂಕಿಸಿ ಕೂತವರನ್ನು ಆ ಗಾಡಿಯಲ್ಲಿ ಕಾಣಬಹುದಿತ್ತು. ಮಾಲೂರು ಬಿಟ್ಟ ಮೇಲೆ ಕೂಗುಗಾರ ಆರ್‌ಜೆಯೂ ತಣ್ಣಗಾಗುತ್ತಾನೆ. ಮಾರ್ಕೆಟಿಂಗ್ ಮ್ಯಾನೇಜರುಗಳಿಗೆ ಸಾಧ್ಯವಾಗದ್ದು ಭೂಮಿಯ ದುಂಡುತನದಿಂದ ಸಾಧ್ಯವಾಗಿದೆ.

ಮಾಲೂರು ಪೇಟೆಯ ಕಟಿಂಗ್ ಶಾಪು ಈ ಅಧ್ಯಯನದ ಎರಡನೆಯ ಆಕರ. ಕನ್ನಡಿಯ ಮೇಲೆ ಸೆಟ್ಟು, ಮುರಿದ ಏರಿಯಲ್ಲಿಗೆ ಸುತ್ತಿದ ತಾಮ್ರದ ತಂತಿ, ಅದರ ಇನ್ನೊಂದು ತುದಿ ಕಿಟಕಿಯ ಗ್ರಿಲ್ಲಿಗೆ. ಕುರ್ಚಿಯಲ್ಲಿದ್ದ ಗಿರಾಕಿ ಹಿಂದಕ್ಕೆ ಒರಗಿದರೆ ರೇಡಿಯೊ ಸಿಟಿಯ 91.1, ಮುಂದಕ್ಕೆ ಬಾಗಿದರೆ ಬರೀ ಸದ್ದು.

“ಬೇರೇದ್ ಇಕ್ಕಣ್ಣಾ, ಇದು ಹಿಂದಿ.”

“ಕತ್ತು ಅಲ್ಲಾಡಿಸ್‌ಬ್ಯಾಡ ಸುಮ್ಕಿರಪ್ಪಾ, ಬ್ಲೇಡೈತೆ. ಬರೋದು ಅದೊಂದೇ. ಮುಟ್ಟಿದ್ರೆ ಅದೂ ಹೋಯ್ತದೆ.”

ಬೇಡಿಕೆ ಎಂಬ ಪದಾರ್ಥದ ಸ್ವರೂಪ ಇದಕ್ಕಿಂತ ಸ್ಪಷ್ಟವಾಗಿ ಯಾವ ಸಮೀಕ್ಷೆಯಲ್ಲೂ ಕಾಣದು. ಸಮೀಕ್ಷೆಯಾದರೂ ಎಂಥದ್ದು? ಬೆಂಗಳೂರಿನಂಥ ಮಹಾನಗರಗಳಲ್ಲಿ ಆಯ್ದ ಮನೆಯವರಿಗೆ ಡೈರಿ ಕೊಟ್ಟು, ಯಾವ ಹೊತ್ತಿನಲ್ಲಿ ಯಾವ ಸ್ಟೇಷನ್ ಕೇಳಿದಿರಿ ಎಂದು ಬರೆಸುವ ಪದ್ಧತಿ 2007ರಲ್ಲಿ ಶುರುವಾಯಿತು. ಡೈರಿ ನಗರದೊಳಗಿನವರಿಗೆ. ಸರಳಿಗೆ ತಂತಿ ಸುತ್ತಿ ಕತ್ತು ಉಳುಕಿಸಿಕೊಂಡವನಿಗೆ ಡೈರಿಯಿರಲಿಲ್ಲ. ಹಾಡಿಗಾಗಿ ದೇಹ ದಂಡಿಸಿದವನ ಕಿವಿ ಲೆಕ್ಕಕ್ಕಿಲ್ಲ, ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಿಗೆ ರೇಡಿಯೊ ಹಚ್ಚಿಟ್ಟವರದು ಲೆಕ್ಕಕ್ಕುಂಟು.

ಹಾಗಾದರೆ 91.1ರ ಹಿಂದಿ-ಇಂಗ್ಲಿಷ್-ಕನ್ನಡದ ಕಲಸುಮೇಲೋಗರ ಕ್ರಮೇಣ ಕನ್ನಡವಾದದ್ದು ಹೇಗೆ? ನನ್ನ ಉತ್ತರ ಭಾವಗೀತಾತ್ಮಕವಲ್ಲ. ಮೊದಲ ಸುತ್ತಿನ ಲೈಸೆನ್ಸು 2000ರ ಹರಾಜಿನಲ್ಲಿ ಬಿಕರಿಯಾದದ್ದು. ಕೂಗಿದ ಫೀಸು ವರ್ಷವರ್ಷವೂ ನೂರಕ್ಕೆ 15ರಂತೆ ಏರುವ ಕರಾರು. ಬಡ್ಡಿ ಏರುವ ಮನೆಯಲ್ಲಿ ಸಂಗೀತ ಯಾವ ಭಾಷೆಯದ್ದಾದರೂ ರಾಗ ಒಂದೇ. ಜಾಹೀರಾತು ಕೊಡುವವರು ಅಂದು ನಂಬಿದ್ದು, ಕೊಳ್ಳುವ ಶಕ್ತಿಯಿರುವ ಬೆಂಗಳೂರಿಗ ಕನ್ನಡ ಕೇಳುವುದಿಲ್ಲ ಎಂಬ ಮೂಢನಂಬಿಕೆಯನ್ನು. 2005ರ ನೀತಿ ಬಂದು ವರ್ಷದ ಫೀಸಿಗೆ ವರಮಾನದ ನೂರಕ್ಕೆ 4 ಕೊಟ್ಟರೆ ಸಾಕು ಎಂದಾಗ 2006ರಲ್ಲಿ ಮಿರ್ಚಿ, ಬಿಗ್, ಇಂಡಿಗೊ ಸ್ಟೇಷನ್ನುಗಳು ಸಾಲಾಗಿ ಬಂದವು. ಎಲ್ಲರೂ ಅದೇ ಹಿಂದಿ ಹಾಕಿದರೆ ಯಾರನ್ನು ಯಾರು ಕೇಳಬೇಕು? ಅಷ್ಟರಲ್ಲಿ ಡಿಸೆಂಬರ್ 29ಕ್ಕೆ ‘ಮುಂಗಾರು ಮಳೆ’ ಬಿಡುಗಡೆಯಾಯಿತು. ಮನೋಮೂರ್ತಿಯವರ ಟ್ಯೂನುಗಳನ್ನು ಜನ ಹಗಲೂ ರಾತ್ರಿ ಗುನುಗತೊಡಗಿದ ಮೇಲೆ, ಕನ್ನಡ ‘ಓಡುವುದಿಲ್ಲ’ ಎಂದವರಿಗೆ ಓಡಲು ದಾರಿ ಉಳಿಯಲಿಲ್ಲ. ಕನ್ನಡದ ಮೇಲೆ ಪ್ರೀತಿ ಉಕ್ಕಿತೆಂದು ಹೇಳಿಕೊಂಡರು. ಉಕ್ಕಿರಲಿ, ನಾವು ಬೇಡವೆನ್ನುವುದಿಲ್ಲ.

ಸಿದ್ಧಾಂತಕ್ಕೆ ಕಿರಿಕಿರಿ ಮಾಡುವ ಅಪವಾದಗಳೂ ಇವೆ. ಎಲ್ಲರೂ ಕನ್ನಡದತ್ತ ಹೊರಟರೆ 94.3ರ ರೇಡಿಯೊ ಒನ್ ಎದುರು ದಿಕ್ಕಿಗೆ ತಿರುಗಿ ಹಿಂದಿಗೆ ಹೋಯಿತು. ಖಾಲಿಯಾದ ಸೀಟು ಹಿಡಿಯುವ ಈ ಚಾಕಚಕ್ಯವನ್ನು ಮಾರಿಕುಪ್ಪಂ ಗಾಡಿಯವರು ಮೆಚ್ಚದಿರಲಾರರು. 91.9ರ ಇಂಡಿಗೊ ಇಂಗ್ಲಿಷಿಗೇ ಅಂಟಿಕೊಂಡಿತು. ಇನ್ನು ಚಳಿಗಾಲದ ಬೆಳಗಿನ ಪ್ರಶ್ನೆ. ನೆಲದ ಹತ್ತಿರ ತಂಪು ಗಾಳಿ, ಮೇಲೆ ಬೆಚ್ಚನೆಯ ಗಾಳಿ ಕೂತರೆ ಅಲೆ ಬಾಗಿ ಮಾಮೂಲಿಗಿಂತ ಬಹುದೂರ ಹೋಗುತ್ತದೆ. 98.3 ಬೆಂಗಳೂರಿನಲ್ಲೂ ಮಿರ್ಚಿ, ಚೆನ್ನೈನಲ್ಲೂ ಮಿರ್ಚಿ. ಒಂದೇ ನಂಬರಿನಲ್ಲಿ ಎರಡು ಸಿಕ್ಕರೆ ಎಫ್‌ಎಂ ಸೆಟ್ಟು ಕಲಸಿ ಕೊಡುವುದಿಲ್ಲ. ಬಲವಾದದ್ದನ್ನು ಹಿಡಿದು ಇನ್ನೊಂದರ ಬಾಯಿ ಮುಚ್ಚಿಸುತ್ತದೆ. ಅಂಥ ಬೆಳಗ್ಗೆ ಸಭೆ, ಸಮೀಕ್ಷೆ, ಹೊಸ ಜಿಂಗಲ್ ಯಾವುದೂ ಇಲ್ಲದೆ ಸ್ಟೇಷನ್ನು ನಡುಹಾಡಿನಲ್ಲಿ ತಮಿಳಾದೀತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ರೈಲಿನಲ್ಲಿ ತಮಿಳು ಆಡುವ ಮಾಲೂರಿನವನಿಗೆ ಇದು ಬದಲಾವಣೆ ಎಂದು ಹೊಳೆಯಲೂ ಸ್ವಲ್ಪ ಹೊತ್ತು ಹಿಡಿದೀತು. ಈ ತಾಲ್ಲೂಕಿಗೆ ಇದೇನು ಹೊಸದಲ್ಲ. ಇಲ್ಲಿನ ಮಾಸ್ತಿಯ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಜ್ಞಾನಪೀಠ ಪಡೆದದ್ದು ಕನ್ನಡಕ್ಕೆ.

ಫಾರ್ಮ್ಯಾಟಿನ ಗೊಡವೆಯೇ ಬೇಡವೆಂದ ಒಂದು ಪ್ರಯೋಗವೂ ಈ ಜಿಲ್ಲೆಯಲ್ಲೇ ಆಯಿತು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ, ಹೈದರಾಲಿ ಹುಟ್ಟಿದ ಊರಿನಲ್ಲಿ, 2003ರಲ್ಲಿ ‘ನಮ್ಮ ಧ್ವನಿ’ ಶುರುವಾಯಿತು. ಗಾಳಿಯ ಅಲೆ ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು; ಸಾರ್ವಜನಿಕರು ಅದನ್ನು ಮುಟ್ಟಬಹುದು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಆದ್ದರಿಂದ ಬೂದಿಕೋಟೆಯವರು ಆಕಾಶವನ್ನೇ ಬಿಟ್ಟು, ಕೇಬಲ್ ತಂತಿಯಲ್ಲಿ ಧ್ವನಿ ಹರಿಸಿದರು. ಸಂಘ ಸಂಸ್ಥೆಗಳಿಗೆ ಸಮುದಾಯ ರೇಡಿಯೊ ಲೈಸೆನ್ಸು ಸಿಗುವ ನೀತಿ ಬಂದದ್ದು 2006ರಲ್ಲಿ. ಊರಿನ ಹೆಂಗಸರು, ಹುಡುಗರು ತಾವೇ ಮಾಡಿ ತಾವೇ ಕೇಳುವ ಕಾರ್ಯಕ್ರಮಕ್ಕೆ ಶ್ರೋತೃವಿನ ಅಭಿರುಚಿ ಪತ್ತೆಮಾಡಲು ಡೈರಿ ಬೇಕಿಲ್ಲ. ಅಭಿರುಚಿ ಮೈಕಿನ ಮುಂದೆಯೇ ಕೂತಿರುತ್ತದೆ. ಬೆಂಗಳೂರಿನ ಸಿದ್ಧಾಂತಿಗಳು ಇದನ್ನು ರೇಡಿಯೊ ಎಂದು ಒಪ್ಪಿಯಾರೇ ಎಂಬುದು ಬೇರೆ ಜಿಜ್ಞಾಸೆ.

ಕೊನೆಯ ಆಕ್ಷೇಪ: ಈಗ ರೇಡಿಯೊ ಯಾರು ಕೇಳುತ್ತಾರೆ? ಸಮಾಧಾನ: ಜನರ ಅಭಿರುಚಿ ಕೆಟ್ಟಿಲ್ಲ, ತಂತಿ ಹೋಗಿದೆ. ವೈರಿಲ್ಲದ ಇಯರ್‌ಬಡ್ಡು ಬಂದು ಮೊಬೈಲಿನ ಏರಿಯಲ್ಲೇ ಕಳಚಿಬಿತ್ತು. ಗಾಡಿಯಲ್ಲಿ ಈಗ ಪ್ರತಿಯೊಬ್ಬನೂ ತನಗೆ ತಾನೇ ಒಂದು ಸ್ಟೇಷನ್ನು, ಒಂದೊಂದು ಹಾಡಿಗೂ ಒಂದೊಂದು ಫಾರ್ಮ್ಯಾಟು. ಮುಂದಿನ ಸಂಶೋಧನೆಗೆ ಬೇಕಾದದ್ದು ಮಾಲೂರಿನಿಂದ ಬೆಂಗಳೂರಿಗೆ ಒಂದು ಸೀಸನ್ ಪಾಸು, ಮತ್ತು ಇನ್ನೂ ವೈರಿನ ಇಯರ್‌ಫೋನು ಇಟ್ಟುಕೊಂಡಿರುವ ಒಬ್ಬ ಸಹಪ್ರಯಾಣಿಕ. ಮೊದಲನೆಯದು ಕೌಂಟರಿನಲ್ಲಿ ಸಿಗುತ್ತದೆ.