ಮೈನಸ್ ಒಂದು ಸೆಕೆಂಡು

ಬಿ.ಎಸ್ಸಿ.ಯಲ್ಲಿ ಪಿಸಿಎಂ ಓದಿ ಬ್ಯಾಂಕು ಸೇರಿದವರ ಪಾಡು ಯಾರಿಗೂ ಬೇಡ. ವರ್ಷಗಟ್ಟಲೆ ಕೌಂಟರಿನಲ್ಲಿ ಕೂತು ನೋಟು ಎಣಿಸಿದ್ದನ್ನು ಜನ ಮರೆಯುತ್ತಾರೆ. ಯಾವುದೋ ಮದುವೆಯ ಪಂಕ್ತಿಯಲ್ಲಿ, ಹೋಳಿಗೆಯ ಅಮಲಿನಲ್ಲಿ, "ನಂದೂ ಫಿಸಿಕ್ಸೇ" ಎಂದದ್ದನ್ನು ಮಾತ್ರ ಮರೆಯುವುದಿಲ್ಲ. ಪಿಯು ಕಾಲೇಜು ಶುರುವಾದದ್ದೇ ತಡ, ನಮ್ಮ ಬೀದಿಯ ಮಕ್ಕಳು ನೋಟ್‌ಬುಕ್ ಹಿಡಿದು ಗೇಟಿನ ಹತ್ತಿರ ಸುಳಿದಾಡತೊಡಗುತ್ತವೆ. ಹಿಂದೆಯೇ ತಾಯಂದಿರು. "ಬರೀ ಎರಡು ಪ್ರಾಬ್ಲಮ್ಮು, ಐದೇ ನಿಮಿಷ" ಎನ್ನುತ್ತಾರೆ. ಆ ಐದು ನಿಮಿಷದಲ್ಲಿ ನನ್ನ ಟಿವಿ ವಾರ್ತೆ, ವಾಕಿಂಗು ಎರಡೂ ಮುಗಿದಿರುತ್ತವೆ.

ಬಂದವರಿಗೆ ಉತ್ತರ ಬೇಕಿರುವುದಿಲ್ಲ. ಉತ್ತರ ಪುಸ್ತಕದ ಕೊನೆಯಲ್ಲೇ ಇದೆ. ಬೇಕಾದದ್ದು ಸ್ಟೆಪ್ಸು. ಒಬ್ಬ ಹುಡುಗನಂತೂ ಮೇಲಿನಿಂದ ನಾಲ್ಕು ಸಾಲು, ಕೆಳಗಿನಿಂದ ಎರಡು ಸಾಲು ಬರೆದು, ನಡುವೆ ನೀಟಾಗಿ ಖಾಲಿ ಜಾಗ ಬಿಟ್ಟುಕೊಂಡು ಬಂದಿದ್ದ. "ಇದಿಷ್ಟು ತುಂಬಿಸಿಕೊಡಿ ಅಂಕಲ್." ಚಲನ್ ತುಂಬಿಸಿಕೊಟ್ಟು ನನಗೆ ಅಭ್ಯಾಸವಿದೆ ಎಂದು ಯಾರೋ ಹೇಳಿರಬೇಕು.

ಲೆಕ್ಕ ಬಹಳ ಹಳೆಯದು. ನೆಲದಿಂದ 25 ಮೀಟರ್ ಎತ್ತರದ ಕಟ್ಟಡದ ಮೇಲಿಂದ ಒಬ್ಬ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಚೆಂಡನ್ನು ನೆಟ್ಟಗೆ ಮೇಲಕ್ಕೆಸೆಯುತ್ತಾನೆ. ಅದು ನೆಲ ಮುಟ್ಟಲು ಎಷ್ಟು ಹೊತ್ತು? ಜಿ ಬೆಲೆ 10 ಎಂದಿಟ್ಟುಕೊಳ್ಳಿ ಎಂದು ಪುಸ್ತಕ ಔದಾರ್ಯ ತೋರಿಸಿದೆ. 9.8 ಎಂದಿದ್ದರೆ ಹುಡುಗನ ಊಟವೂ ನಮ್ಮ ಮನೆಯಲ್ಲೇ ಆಗುತ್ತಿತ್ತು.

"ಜಿ ಪ್ಲಸ್ಸಾ, ಮೈನಸ್ಸಾ ಅಂಕಲ್?"

"ಮೇಲುಗಡೆ ಪ್ಲಸ್ ಅಂದ್ಕೊಂಡ್ರೆ ಜಿ ಮೈನಸ್ಸು."

"ಹೋಗೋವಾಗ ಮೈನಸ್ಸು, ಬರೋವಾಗ ಪ್ಲಸ್ಸು, ಅಲ್ವಾ?"

ಭೂಮಿ ಎರಡು ಹೊತ್ತೂ ಕೆಳಕ್ಕೇ ಎಳೆಯುತ್ತದೆ, ಚೆಂಡಿನ ಮುಖ ನೋಡಿ ಚಿಹ್ನೆ ಬದಲಾಯಿಸುವುದಿಲ್ಲ ಎಂದು ಒಪ್ಪಿಸುವಷ್ಟರಲ್ಲಿ ನನ್ನ ಕಾಫಿ ಆರಿತು. ಅಂತೂ ವರ್ಗ ಸಮೀಕರಣ ಬಂತು, ಬಿಡಿಸಿದ್ದಾಯಿತು. ಉತ್ತರ ಎರಡು: 5 ಸೆಕೆಂಡು, ಮೈನಸ್ 1 ಸೆಕೆಂಡು. ಹುಡುಗ ಕಣ್ಣು ಮಿಟುಕಿಸದೆ ಮೈನಸ್ ಒಂದರ ಮೇಲೆ ಗೀಟೆಳೆದು ಪಕ್ಕದಲ್ಲಿ 'ನೆಗ್ಲೆಕ್ಟ್' ಎಂದು ಬರೆದ.

"ಯಾಕಪ್ಪಾ ಹೊಡೆದುಹಾಕಿದೆ?"

"ಟೈಮ್ ನೆಗೆಟಿವ್ ಇರಲ್ಲ ಅಂಕಲ್."

"ಮತ್ತೆ ಅದ್ಯಾಕೆ ಬಂತು?"

ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ನಾನು ಚಿತ್ರ ಬರೆಸಿದೆ. ಒಂದು ಸೆಕೆಂಡು ಮುಂಚೆ ಇನ್ನೊಬ್ಬ ನೆಲದ ಮೇಲೆ ನಿಂತು ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಚೆಂಡು ಎಸೆದಿದ್ದಾನೆ ಅಂದುಕೋ. ಒಂದು ಸೆಕೆಂಡಿನಲ್ಲಿ ಅದು 25 ಮೀಟರ್ ಏರಿ ಮಾಳಿಗೆಯವನ ಕೈ ಮಟ್ಟಕ್ಕೆ ಬರುತ್ತದೆ, ಆಗ ವೇಗ ಸರಿಯಾಗಿ 20. ಅಲ್ಲಿಂದ ಮುಂದೆ ಎರಡು ಚೆಂಡಿಗೂ ಒಂದೇ ಕತೆ. ಎಸೆದವನು ಮಾಳಿಗೆಯವನೋ ನೆಲದವನೋ ಎಂಬುದು ಸಮೀಕರಣಕ್ಕೆ ಗೊತ್ತಿಲ್ಲ. ಪಾಪ, ತನಗೆ ತಿಳಿದ ಎರಡನ್ನೂ ಹೇಳಿದೆ. ಹುಡುಗ ಚಿತ್ರವನ್ನೇ ನೋಡುತ್ತ ಕೂತ. ಅವನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಕೇಳಿದ: "ಇದು ಸಿಇಟಿಗೆ ಬರುತ್ತಾ ಅಂಕಲ್?"

ಬರಲ್ಲ ಎಂದೆ. 'ನೆಗ್ಲೆಕ್ಟ್' ಅಡಿಗೆ ಇನ್ನೊಂದು ಗೆರೆ ಎಳೆದುಕೊಂಡು ಮನೆಗೆ ಹೋದ.

ಮಕ್ಕಳನ್ನೇ ಅಂದು ಪ್ರಯೋಜನವಿಲ್ಲ. ಸಹಾಯ ಮಾಡುವವರಿಗೂ ಒಂದು ಜಾಡ್ಯವಿದೆ, ಪೆನ್ನು ಕಿತ್ತುಕೊಳ್ಳುವುದು. ಎದುರುಮನೆಯ ಎಂಜಿನಿಯರರ ಹತ್ತಿರ ಹೋದರೆ ಮಗು ಬಾಯಿ ಬಿಡುವ ಮೊದಲೇ ಲೆಕ್ಕ ಮುಗಿದಿರುತ್ತದೆ. ಮಗುವಿಗೆ ಸಿಗುವುದು ಅವರ ಅಕ್ಷರದಲ್ಲಿ ಒಂದು ಪುಟ, ಜೊತೆಗೆ ಅವರ ಕಾಲದ ರ‍್ಯಾಂಕಿನ ಕತೆ.

ದುಡ್ಡು ಕೊಟ್ಟು ಲೆಕ್ಕ ಮಾಡಿಸಿಕೊಳ್ಳುವುದೂ ನಮ್ಮ ಟ್ಯೂಷನ್ ಕಾಲದ ಪಾಪವಲ್ಲ. ಫ್ರಾನ್ಸಿನ ಶ್ರೀಮಂತ ಲೊಪಿಟಾಲ್‌ಗೆ ಕ್ಯಾಲ್ಕ್ಯುಲಸ್ ಹೇಳಿಕೊಟ್ಟವನು ಯೋಹಾನ್ ಬರ್ನೌಲಿ. 1694ರಲ್ಲಿ ಇಬ್ಬರಿಗೂ ಕರಾರಾಯಿತು: ವರ್ಷಕ್ಕೆ 300 ಲೀವ್ರ್ ಸಂಬಳ, ಬರ್ನೌಲಿ ಹೊಸದಾಗಿ ಕಂಡುಹಿಡಿದದ್ದನ್ನು ಸಾಹುಕಾರನಿಗೆ ತಿಳಿಸಬೇಕು, ಬೇರೆಯವರಿಗೆ ಹೇಳಬಾರದು. 1696ರಲ್ಲಿ ಲೊಪಿಟಾಲನ ಪುಸ್ತಕ ಬಂತು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಇಕ್ಕಟ್ಟಿನಿಂದ ಪಾರಾಗುವ ಉಪಾಯ ಅದರಲ್ಲಿತ್ತು. ಉಪಾಯ ಮೇಷ್ಟ್ರದು, ಹೆಸರು ಶಿಷ್ಯನದು. ನಮ್ಮ ಹುಡುಗರು ಅದನ್ನು 'ಹಾಸ್ಪಿಟಲ್ ರೂಲ್' ಎನ್ನುತ್ತಾರೆ. ಆ ಸಾಹುಕಾರನಿಗೆ ಇಷ್ಟು ಶಿಕ್ಷೆ ಸಾಕು ಎಂದು ನಾನೂ ತಿದ್ದುವುದಿಲ್ಲ.

ಕ್ಯಾಲ್ಕ್ಯುಲಸ್ ತರುವವರು ಸೆಕೆಂಡ್ ಪಿಯುದವರು. ಅವರ ಏಣಿ ಲೆಕ್ಕ ನಮ್ಮ ಮನೆಯಲ್ಲಿ ಪ್ರಸಿದ್ಧ. ಗೋಡೆಗೊರಗಿದ 5 ಮೀಟರ್ ಏಣಿಯ ಬುಡವನ್ನು ಸೆಕೆಂಡಿಗೆ 2 ಸೆಂಟಿಮೀಟರಿನಂತೆ ಹೊರಗೆಳೆಯುತ್ತಾರೆ. ಬುಡ ಗೋಡೆಯಿಂದ 4 ಮೀಟರ್ ದೂರವಿದ್ದಾಗ ತುದಿ ಎಷ್ಟು ಬೇಗ ಜಾರುತ್ತದೆ? ಹುಡುಗಿ ಜೋರಾಗಿ ಓದಿದಾಗ, ಒಳಗೆ ಹುರಳಿಕಾಯಿ ಮುರಿಯುತ್ತಿದ್ದ ನಮ್ಮಮ್ಮ ಗಾಬರಿಯಾಗಿ ಕೇಳಿದರು: "ಏಣಿ ಮೇಲೆ ಯಾರಿದಾರೆ? ಎಳೆಯೋನಿಗೇನು ಬಂದಿದೆ ಕೇಡು?"

ಯಾರೂ ಇಲ್ಲಮ್ಮ ಎಂದು ಸಮಾಧಾನ ಹೇಳಿ ಲೆಕ್ಕ ಮಾಡಿದೆವು. ಸೆಕೆಂಡಿಗೆ 8/3 ಸೆಂಟಿಮೀಟರ್. ಆದರೆ ಅದೇ ಸೂತ್ರವನ್ನು ನಂಬಿ ಮುಂದಕ್ಕೆ ಹೋದರೆ, ತುದಿ ನೆಲಕ್ಕೆ ಹತ್ತಿರವಾದಂತೆ ಅದರ ವೇಗ ಏರುತ್ತಾ ಏರುತ್ತಾ ಕೊನೆಗೆ ಬೆಳಕನ್ನೂ ಮೀರಿಸುತ್ತದೆ! ನಿಜವಾದ ಏಣಿ ಅಷ್ಟು ಹೊತ್ತಿಗೆ ಗೋಡೆಯ ಸಹವಾಸ ಬಿಟ್ಟು ದಬಕ್ಕೆಂದು ಬಿದ್ದಿರುತ್ತದೆ. ನನ್ನ ಪ್ರಕಾರ ಆ ಸಂಜೆ ಫಿಸಿಕ್ಸ್ ಕೇಳಿದ್ದು ಅಮ್ಮ ಒಬ್ಬರೇ, ಉಳಿದವರು ಮಾಡಿದ್ದು ಬರೀ ಲೆಕ್ಕ.

ಬೀದಿಯ ತಾಯಂದಿರಲ್ಲಿ ಒಂದು ವಿನಂತಿ. ಮಕ್ಕಳನ್ನು ಧಾರಾಳವಾಗಿ ಕಳಿಸಿ, ನನಗೂ ಹೊತ್ತು ಹೋಗುತ್ತದೆ. ಪ್ರಶ್ನೆಯನ್ನು ಪೂರ್ತಿ ಓದಿಕೊಂಡು ಬರಲಿ, ತಪ್ಪೋ ಸರಿಯೋ ಒಂದು ಚಿತ್ರ ಬರೆದುಕೊಂಡು ಬರಲಿ, ಪೆನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳಲಿ. ಕೆಮಿಸ್ಟ್ರಿಗೆ ಮಾತ್ರ ದಯವಿಟ್ಟು ಬೇರೆ ಮನೆ ನೋಡಿಕೊಳ್ಳಿ.